ರಾಕೆಟ್ ಉಡಾವಣೆ ಹಾಗೂ ಜನವಸತಿ ಪ್ರದೇಶಗಳ ಸುರಕ್ಷತೆ: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ

ಶ್ರೀಹರಿಕೋಟಾ ಉಡಾವಣಾ ಕೇಂದ್ರವು ಹೊಸನಗರದ ಪೂರ್ವಕ್ಕೆ, ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ, 500 ಕಿ.ಮೀ.ಗೂ ಅಧಿಕ ದೂರದಲ್ಲಿದೆ. ಅಲ್ಲಿಂದ ಹೊರಡುವ ವಾಹನಗಳು ಪೂರ್ವಕ್ಕೆ ಅಥವಾ ದಕ್ಷಿಣದ ಕಡೆಗೆ ಸಮುದ್ರದ ಮೇಲೆ ಸಾಗುವುದರಿಂದ ಸದರಿ ಮೂರು ತಾಲ್ಲೂಕುಗಳು ಉಡಾವಣಾ ಪಥದಲ್ಲಿ ಬರುವುದಿಲ್ಲ. ಶ್ರೀಲಂಕಾದ ಜನವಸತಿಯ ಮೇಲೆ ಹಾಯಬಾರದೆಂಬ ಕಾರಣಕ್ಕೆ ಧ್ರುವೀಯ ಕಕ್ಷೆಗೆ ಹೋಗುವ ಪಿ.ಎಸ್.ಎಲ್.ವಿ. ಮಾರ್ಗಮಧ್ಯೆ ತಿರುವು ಪಡೆಯುತ್ತದೆ. ಇದರಿಂದ ಒಯ್ಯಬಹುದಾದ ಭಾರ ಕಡಿಮೆಯಾಗುತ್ತದೆ. ಪಥ ತಪ್ಪಿದ ವಾಹನವನ್ನು ನಾಶಪಡಿಸುವ ವ್ಯವಸ್ಥೆಯೂ ಇದೆ. 2010ರ ಡಿಸೆಂಬರ್ 25ರಂದು ಜಿ.ಎಸ್.ಎಲ್.ವಿ.-ಎಫ್06 ವಾಹನವನ್ನು ಹೀಗೆ ನಾಶಪಡಿಸಲಾಯಿತು. ಅವಶೇಷಗಳು ಸಮುದ್ರಕ್ಕೆ ಬಿದ್ದವು. ಒಳನಾಡಿನ ಕೇಂದ್ರಗಳಿಗೆ ಈ ಅನುಕೂಲವಿಲ್ಲ. 1996ರ ಫೆಬ್ರವರಿಯಲ್ಲಿ ಚೀನಾದ ಷೀಚಾಂಗ್‌ನಿಂದ ಹೊರಟ ರಾಕೆಟ್ ಸಮೀಪದ ಬೆಟ್ಟಕ್ಕೆ ಅಪ್ಪಳಿಸಿ ಜೀವಹಾನಿಯಾಯಿತು.

ಮಲೆನಾಡಿನವರಿಗೆ ಹೆಚ್ಚು ಪ್ರಸ್ತುತವಾದುದು ಕಕ್ಷೆಯಿಂದ ಹಿಂದಿರುಗಿ ಬೀಳುವ ಬಿಡಿಭಾಗಗಳು. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಗ್ರಾಮದಲ್ಲಿ ದೊಡ್ಡ ಲೋಹದ ಬಳೆಯೊಂದು ಬಿದ್ದಿತು. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಬಿದ್ದುದು ರಾಕೆಟ್ ಭಾಗವಲ್ಲ, ಹೈದರಾಬಾದಿನಿಂದ ಹಾರಿಬಿಟ್ಟ ಸಂಶೋಧನಾ ಬಲೂನಿನ ಉಪಕರಣ. 

ಇಂತಹ ವಸ್ತು ತೋಟದಲ್ಲಾಗಲಿ ಕಾಡಿನಲ್ಲಾಗಲಿ ಕಂಡುಬಂದಲ್ಲಿ ಮುಟ್ಟತಕ್ಕದ್ದಲ್ಲ, ಗುಜರಿಗೆ ಸಾಗಿಸತಕ್ಕದ್ದಲ್ಲ. ಇಂಧನದ ತೊಟ್ಟಿಗಳಲ್ಲಿ ಹೈಡ್ರಜೀನ್ ಎಂಬ ವಿಷಕಾರಿ ದ್ರವದ ಶೇಷ ಉಳಿದಿರಬಹುದು. 112ಕ್ಕೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ತಿಳಿಸುವುದು.

ನಷ್ಟ ಪರಿಹಾರದ ವಿಷಯ ಇಷ್ಟು ಸರಳವಲ್ಲ. 1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದಂತೆ ಭೂಮಿಯ ಮೇಲಾದ ಹಾನಿಗೆ ಉಡಾಯಿಸಿದ ರಾಷ್ಟ್ರವೇ ಹೊಣೆ, ತಪ್ಪನ್ನು ಸಾಬೀತುಪಡಿಸಬೇಕಾಗಿಲ್ಲ. ಆದರೆ ಈ ಒಪ್ಪಂದದಡಿ ಹಕ್ಕು ಮಂಡಿಸುವುದು ಸರ್ಕಾರವೇ ಹೊರತು ವ್ಯಕ್ತಿಯಲ್ಲ, ಅದಕ್ಕೆ ಸಾಮಾನ್ಯವಾಗಿ ಒಂದು ವರ್ಷದ ಅವಧಿ ನಿಗದಿಯಾಗಿದೆ. 1978ರಲ್ಲಿ ಸೋವಿಯತ್ ಉಪಗ್ರಹ ಕಾಸ್ಮಾಸ್-954 ಬಿದ್ದಾಗ ಕೆನಡಾ ಸುಮಾರು 60 ಲಕ್ಷ ಡಾಲರ್ ಕೇಳಿ 30 ಲಕ್ಷ ಪಡೆಯಿತು. ಇನ್ನೊಂದು ಮಿತಿಯನ್ನು ಅರ್ಜಿದಾರರು ಗಮನಿಸಬೇಕು: ಸ್ವದೇಶದ ರಾಕೆಟ್‌ನಿಂದ ಸ್ವದೇಶದ ಪ್ರಜೆಗಾದ ಹಾನಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಆ ಕೊರತೆಯನ್ನು ದೇಶದ ಕಾನೂನೇ ತುಂಬಬೇಕು. 2017ರಲ್ಲಿ ಬಾಹ್ಯಾಕಾಶ ಚಟುವಟಿಕೆಗಳ ಕರಡು ಮಸೂದೆಯನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಪ್ರಕಟಿಸಲಾಗಿತ್ತು.

ಆದುದರಿಂದ ಹಾನಿಗೊಳಗಾದವರು ಸ್ಥಳ ಮಹಜರು ಮಾಡಿಸಿ ಅದರ ಪ್ರತಿ, ದಿನಾಂಕ ಸಹಿತ ಛಾಯಾಚಿತ್ರ ಹಾಗೂ ಪಹಣಿಯೊಂದಿಗೆ ತಹಶೀಲ್ದಾರರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು.