ಸೋತ ಆಚಾರ್ಯರೂ ಗೆದ್ದ ಶಿಷ್ಯರೂ

ನಮ್ಮ ಬೊಮ್ಮನಹಳ್ಳಿಯ ಗೃಹಸ್ಥರೊಬ್ಬರು ಕಳೆದ ತಿಂಗಳು ನಮಗೊಂದು ಪತ್ರವನ್ನು ಬರೆದಿರುವರು. ಅವರ ಮಗಳು ಬಿ.ಕಾಂ. ಕಡೆಯ ವರ್ಷದಲ್ಲಿ ಓದುತ್ತಿರುವಳು. ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುವಳು. ಪದವಿಯಾದೊಡನೆ ಹೊಸೂರು ರಸ್ತೆಯ ಯಾವುದಾದರೊಂದು ಕಂಪನಿಯಲ್ಲಿ ಉದ್ಯೋಗ ಹಿಡಿಯುವಳೆಂದು ತಂದೆತಾಯಿಗಳು ಎಣಿಸಿರಲು, ಆಕೆಯು ತಾನು ಆಟ ಕಲಿಸುವ ಕೋಚ್ ಆಗುವೆನೆಂದು ಹಟ ಹಿಡಿದಿರುವಳಂತೆ. ತಂಡವು ಗೆದ್ದರೆ ಕೀರ್ತಿಯು ಆಟಗಾರರಿಗೆ, ಸೋತರೆ ಅಪವಾದವು ಕೋಚಿಗೆ. ಇಂಥ ಬಾಳಿಗೆ ಹೆಣ್ಣುಮಗಳನ್ನು ಹೇಗೆ ಒಪ್ಪಿಸುವುದೆಂಬುದು ಆ ಮಹನೀಯರ ಪ್ರಶ್ನೆ.

ನಾವು ವ್ಯಾಕರಣವನ್ನೂ ಕಾವ್ಯವನ್ನೂ ಕಲಿಸಿ ಆಯುಸ್ಸನ್ನು ಕಳೆದವರೇ ಹೊರತು ಚೆಂಡನ್ನು ಹಿಡಿದವರಲ್ಲ. ಆದರೂ ಕಲಿಸುವವನ ಬಾಳು ಎಂಥದೆಂಬುದನ್ನು ಕೊಂಚ ಬಲ್ಲೆವಾದಕಾರಣ, ಈ ಆಟದ ಆದ್ಯಾಚಾರ್ಯರ ಚರಿತ್ರೆಯನ್ನೇ ಉತ್ತರವಾಗಿ ವಾಚಕರ ಮುಂದಿಡುತ್ತೇವೆ.

ಜೇಮ್ಸ್ ನೈಸ್ಮಿತ್ ಎಂಬವರು 1861ನೆಯ ಇಸವಿಯಲ್ಲಿ ಕೆನಡಾ ದೇಶದಲ್ಲಿ ಹುಟ್ಟಿದರು. ಎಳೆತನದಲ್ಲಿಯೇ ವಿಷಮಶೀತಜ್ವರದಿಂದ ತಂದೆತಾಯಿಗಳಿಬ್ಬರೂ ತೀರಿಹೋಗಲು, ಬಂಧುಗಳ ಮನೆಯಲ್ಲಿ ಬೆಳೆದರು. ಪಾದ್ರಿಯಾಗುವುದಕ್ಕೆಂದು ಧರ್ಮಶಾಸ್ತ್ರವನ್ನು ಓದಿ ಮುಗಿಸಿದವರು ಗುಡಿಯ ಪೀಠವನ್ನೇರದೆ, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ವಿದ್ಯಾಲಯಕ್ಕೆ ಹೋಗಿ ಅಂಗಸಾಧನೆಯ ಉಪಾಧ್ಯಾಯರಾದರು. ಅಲ್ಲಿ ಹದಿನೆಂಟು ಮಂದಿ ವಿದ್ಯಾರ್ಥಿಗಳ ತರಗತಿಯೊಂದಿತ್ತು. ಚಳಿಗಾಲದಲ್ಲಿ ಹೊರಗೆ ಆಡಲಾರದೆ, ಒಳಗಿನ ಕಸರತ್ತು ಬೇಸರವಾಗಿ, ಅವರು ಯಾವ ಮೇಷ್ಟರಿಗೂ ಬಗ್ಗುತ್ತಿರಲಿಲ್ಲ. ಇಂಥ ತರಗತಿಯು ಒಂದಲ್ಲ ಒಂದು ವರ್ಷ ಪ್ರತಿಯೊಬ್ಬ ಉಪಾಧ್ಯಾಯನ ಪಾಲಿಗೂ ಬರುವುದುಂಟು! ವಿದ್ಯಾಲಯದ ಅಂಗಸಾಧನೆಯ ವಿಭಾಗದ ಮುಖ್ಯಸ್ಥರಾದ ಗುಲಿಕ್ ಎಂಬವರು ಹದಿನಾಲ್ಕು ದಿನಗಳೊಳಗೆ ಹೊಸ ಆಟವೊಂದನ್ನು ಹುಡುಕಿಕೊಡಬೇಕೆಂದು ನೈಸ್ಮಿತ್ತರಿಗೆ ಅಪ್ಪಣೆಮಾಡಿದರು.

1891ನೆಯ ಡಿಸೆಂಬರಿನಲ್ಲಿ ಅವರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಗಸಾಲೆಯ ಕಟಕಟೆಗೆ ಹೊಡೆಸಿದರು. ಆ ಕಟಕಟೆಯು ನೆಲದಿಂದ ಹತ್ತು ಅಡಿ ಎತ್ತರದಲ್ಲಿದ್ದಿತು. ಇಂದಿಗೂ ಜಗತ್ತಿನಲ್ಲೆಲ್ಲಾ ಬಾಸ್ಕೆಟ್‌ಬಾಲಿನ ಬಳೆಯು ಹತ್ತೇ ಅಡಿ. ನಮ್ಮ ನೆರೆಯ ವಸತಿ ಸಮುಚ್ಚಯಗಳ ಅಂಗಳದಲ್ಲಿ ಸಂಜೆ ಹುಡುಗರು ನೆಗೆದು ಚೆಂಡು ಹಾಕುವ ಆ ಎತ್ತರವು ಒಬ್ಬ ಬಡ ಮೇಷ್ಟರ ಕಟಕಟೆಯಿಂದ ಬಂದುದೆಂದು ಎಷ್ಟು ಮಂದಿ ಬಲ್ಲರು? ನಿಯಮಗಳು ಹದಿಮೂರು, ಕಡೆಗೊಂಬತ್ತು ಮಂದಿ, ಮೊದಲ ಆಟದಲ್ಲಿ ಬುಟ್ಟಿಗೆ ಬಿದ್ದುದು ಒಂದೇ ಚೆಂಡು. ಎರಡು ವರ್ಷ ತುಂಬುವುದರೊಳಗೆ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ಇದನ್ನು ಹೆಣ್ಣುಮಕ್ಕಳಿಗೆ ಕಲಿಸಿದರು. ಆದಕಾರಣ ಈ ಆಟವು ಗಂಡಸರಿಂದ ಎರವಲು ತಂದುದೆಂದು ಯಾರೂ ಹೇಳಲಾಗದು.

ನೈಸ್ಮಿತ್ತರು ತರುವಾಯ ವೈದ್ಯಶಾಸ್ತ್ರವನ್ನೂ ಓದಿ, 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಬಂದು, ಅಲ್ಲಿಯ ಬಾಸ್ಕೆಟ್‌ಬಾಲ್ ತಂಡದ ಮೊದಲನೆಯ ಕೋಚ್ ಆದರು. 1907ರವರೆಗಿನ ಅವರ ಲೆಕ್ಕವನ್ನು ಕೇಳಿರಿ: ಗೆದ್ದ ಪಂದ್ಯಗಳು 55, ಸೋತವು 60. ಆ ವಿಶ್ವವಿದ್ಯಾನಿಲಯದ ಕೋಚುಗಳ ಸಾಲಿನಲ್ಲಿ ಗೆಲುವಿಗಿಂತ ಸೋಲು ಮಿಗಿಲಾದವರು, ಆ ಆಟವನ್ನು ಸೃಷ್ಟಿಸಿದ ಇವರೊಬ್ಬರೇ! ಗೆಲುವನ್ನು ಅವರು ದೊಡ್ಡದೆಂದು ಬಗೆದವರೂ ಅಲ್ಲ. ಶಿಷ್ಯನಾದ ಫೊರೆಸ್ಟ್ ಅಲೆನ್ ಎಂಬ ತರುಣನು ತಾನು ಕೋಚ್ ಆಗುವೆನೆಂದಾಗ, ಇದು ಆಡುವ ಆಟವೇ ಹೊರತು ಆಡಿಸಿ ಕಲಿಸುವಂಥದಲ್ಲವೆಂದು ಗುರುಗಳು ನಕ್ಕರೆಂಬ ಐತಿಹ್ಯವಿದೆ.

ಆ ಶಿಷ್ಯನು ಮಾತು ಕೇಳಲಿಲ್ಲ. ಕ್ಯಾನ್ಸಸ್ಸಿನಲ್ಲಿಯೇ ಮೂವತ್ತೊಂಬತ್ತು ಋತುಗಳ ಕಾಲ ಕೋಚ್ ಆಗಿ 590 ಪಂದ್ಯಗಳನ್ನು ಗೆಲ್ಲಿಸಿದನು. ಬಾಸ್ಕೆಟ್‌ಬಾಲನ್ನು ಒಲಿಂಪಿಕ್ಸಿಗೆ ಸೇರಿಸಲು ಬಹಳವಾಗಿ ಹೆಣಗಿದವನೂ ಅವನೇ. 1936ರಲ್ಲಿ ಬರ್ಲಿನ್ನಿನಲ್ಲಿ ಅದು ಕೈಗೂಡಲು, ಕೋಚುಗಳ ಸಂಘದವರು ಹಣ ಕೂಡಿಸಿ ಎಪ್ಪತ್ತನಾಲ್ಕು ವರ್ಷದ ಗುರುಗಳನ್ನು ಅಲ್ಲಿಗೆ ಕಳುಹಿಸಿಕೊಟ್ಟರು. ಅಲೆನ್ನನ ಕೈಯಲ್ಲಿ ಆಡಿದ ಅಡಾಲ್ಫ್ ರಪ್ ಎಂಬವರು ಮುಂದೆ ಕೋಚ್ ಆಗಿ 876, ಡೀನ್ ಸ್ಮಿತ್ ಎಂಬವರು 879 ಪಂದ್ಯಗಳನ್ನು ಗೆಲ್ಲಿಸಿದರು. ಶಿಷ್ಯನು ತನ್ನನ್ನು ಮೀರಿಸಿದಾಗ ಹಿಗ್ಗುವವನೇ ಗುರುವೆಂಬುದು ನಮ್ಮ ಶಾಸ್ತ್ರಜ್ಞರ ಮತ. ಆ ತಕ್ಕಡಿಯಲ್ಲಿ ತೂಗಿದರೆ 55 ಎಂಬ ಅಂಕಿಯು ಎಲ್ಲಿಗೆ ಹೋಯಿತೋ ನೋಡಿರಿ.

ಆದರೆ ನಮ್ಮ ಮನಸ್ಸು ನಿಲ್ಲುವುದು ಇನ್ನೊಬ್ಬ ಶಿಷ್ಯರಲ್ಲಿ. ಜಾನ್ ಮೆಕ್‌ಲೆಂಡನ್ ಕರಿಯ ಜನಾಂಗದವರು. ಬಾಸ್ಕೆಟ್‌ಬಾಲ್ ಕೋಚ್ ಆಗಬೇಕೆಂಬುದು ಹುಡುಗತನದ ಹಂಬಲ. ತಂದೆಯು ಮಗನನ್ನು ತಡೆಯದೆ, ಈ ಆಟವನ್ನು ಕಂಡುಹಿಡಿದವರೇ ಕ್ಯಾನ್ಸಸ್ಸಿನಲ್ಲಿರುವರು, ಹೋಗಿ ಅವರನ್ನು ಆಶ್ರಯಿಸು ಎಂದು ಕಳುಹಿಸಿದರಂತೆ. 1933ರಲ್ಲಿ ಹುಡುಗನು ಹೋಗಿ, ನೀವೇ ನನ್ನ ಮಾರ್ಗದರ್ಶಕರೆಂದು ನಿಂತನು. ಯಾರು ಹೇಳಿದರೆಂದು ಕೇಳಲು, ನಮ್ಮ ತಂದೆ ಎಂದನು. ತಂದೆಯ ಮಾತು ಸರಿಯೇ ಇರಬೇಕೆಂದು ಮುದುಕರು ಒಪ್ಪಿಕೊಂಡರು. ಪತ್ರ ಬರೆದ ಗೃಹಸ್ಥರು ಈ ತಂದೆಯನ್ನು ಕೊಂಚ ನೆನೆಯಬೇಕೆಂದು ನಮ್ಮ ಪ್ರಾರ್ಥನೆ.

ಬಣ್ಣದ ಕಾರಣದಿಂದ ಅವನಿಗೆ ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡುವ ಹಕ್ಕಿರಲಿಲ್ಲ. ಅವನು ಈಜಿದನೆಂದು ಕೊಳದ ನೀರನ್ನೇ ಹೊರಗೆ ಬಿಡಿಸಿದರಂತೆ. ಅಸ್ಪೃಶ್ಯತೆಯನ್ನು ಕಂಡಿರುವ ನಮಗೆ ಇದನ್ನು ವಿವರಿಸಬೇಕಾದುದಿಲ್ಲ. ಆಡಲಾಗದ ಆಟವನ್ನು ಅವನು ಗುರುಗಳ ಬಳಿ ಕುಳಿತು ಕಲಿತನು. 1936ರಲ್ಲಿ ಪದವಿಯನ್ನು ಪಡೆದು ಡರ್ಹಮ್ ಎಂಬ ಊರಿನ ಕರಿಯರ ಕಾಲೇಜಿಗೆ ಹೋಗಿ, ಮುಂದೆ ಅಲ್ಲಿ ಕೋಚ್ ಆದನು. 1944ನೆಯ ಮಾರ್ಚಿ 12ರ ಭಾನುವಾರ, ಊರಿನವರು ಇಗರ್ಜಿಯಲ್ಲಿದ್ದ ಹೊತ್ತಿನಲ್ಲಿ, ಡ್ಯೂಕ್ ವಿಶ್ವವಿದ್ಯಾನಿಲಯದ ವೈದ್ಯ ವಿದ್ಯಾರ್ಥಿಗಳಾದ ಬಿಳಿಯರ ತಂಡವು ಗುಟ್ಟಾಗಿ ಬಂದು, ಬಾಗಿಲು ಹಾಕಿಕೊಂಡು ಇವನ ತಂಡದೊಡನೆ ಆಡಿತು. ಬಣ್ಣ ಬೇರೆಯಾದವರು ಒಟ್ಟಿಗೆ ಆಡುವುದು ಅಲ್ಲಿ ನಿಷಿದ್ಧವಾಗಿದ್ದ ಕಾಲ. 88ಕ್ಕೆ 44ರಂತೆ ಮೆಕ್‌ಲೆಂಡನ್ನರ ಹುಡುಗರು ಗೆದ್ದರು. ಬಳಿಕ ನಡೆದುದೇ ಸ್ವಾರಸ್ಯ: ಎರಡು ತಂಡದವರೂ ಬೆರೆತು ಹೊಸದಾಗಿ ಪಂಗಡ ಮಾಡಿಕೊಂಡು ಮತ್ತೊಮ್ಮೆ ಆಡಿದರು. ಈ ಸಂಗತಿಯು ಲೋಕಕ್ಕೆ ತಿಳಿದುದು ಐವತ್ತು ವರ್ಷಗಳಾದ ಮೇಲೆ. ಮುಂದೆ 1957, 1958, 1959ರಲ್ಲಿ ಟೆನೆಸ್ಸಿ ಕಾಲೇಜಿನ ತಂಡವನ್ನು ಇವರು ಮೂರು ಸಲ ಸಾಲಾಗಿ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಗೆಲ್ಲಿಸಿದರು. ಗುರುಗಳು ಅದನ್ನು ಕಾಣಲಿಲ್ಲ, 1939ರಲ್ಲಿಯೇ ತೀರಿಕೊಂಡಿದ್ದರು.

ನಮ್ಮ ನಾಡಿಗೂ ಈ ವಿದ್ಯೆಯು ಅದೇ ಸ್ಪ್ರಿಂಗ್‌ಫೀಲ್ಡಿನಿಂದ ಬಂದುದು. ಅಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ಅಂಗಸಾಧನೆಯ ಉಪಾಧ್ಯಾಯರನ್ನು ಸಿದ್ಧಗೊಳಿಸುವ ವಿದ್ಯಾಲಯವನ್ನು ತೆರೆದು, 1943ರಲ್ಲಿ ಸಾಯುವವರೆಗೂ ನಡೆಸಿದರು. ಡ್ರಿಲ್ ಮೇಷ್ಟರೆಂದು ನಾವು ಹಗುರವಾಗಿ ಕರೆಯುವವರ ವಿದ್ಯೆಗೆ ಇಷ್ಟು ದೊಡ್ಡ ಮೂಲವುಂಟೆಂದು ಬಹುಮಂದಿಗೆ ತಿಳಿಯದು. ಶಾಲೆಯಲ್ಲಿ ಫಲಿತಾಂಶವು ನೂರಕ್ಕೆಷ್ಟೆಂದು ನಮ್ಮನ್ನು ತೂಗುತ್ತಿದ್ದ ದಿನಗಳಲ್ಲಿ ಆ ಮೇಷ್ಟರನ್ನು ತೂಗುವವರೇ ಇರಲಿಲ್ಲ. ಯಾರೂ ಹಿಡಿಯಲಾರದ ಪುಂಡರನ್ನು ಮಾತ್ರ ಅವರ ಬಳಿಗೆ ಅಟ್ಟುತ್ತಿದ್ದರು.

ಇನ್ನು ಗೃಹಸ್ಥರ ಪ್ರಶ್ನೆಗೆ. ಮಗಳು ಕೋಚ್ ಆದರೆ ಸಿರಿವಂತೆಯಾಗುವಳೆಂದು ನಾವು ಹೇಳಲಾರೆವು. ಖಾಸಗಿ ಶಾಲೆ ಕಾಲೇಜುಗಳಲ್ಲಿ ಈ ಕೆಲಸವು ಎಷ್ಟೋ ಕಡೆ ತಾತ್ಕಾಲಿಕವಾದುದು, ಸಂಬಳವೂ ಅಷ್ಟಕ್ಕಷ್ಟೆ. ತಾಯಿಯು ಈ ವಿಚಾರದಲ್ಲಿ ಹೆದರುವುದು ಸಹಜವೇ. ಆದರೆ ಸೋಲುಗೆಲುವಿನ ಭಯದಿಂದ ಬೇಡವೆನ್ನುವುದನ್ನು ನಾವು ಒಪ್ಪೆವು. ದಾರಿಯೂ ಸ್ಪಷ್ಟವಾಗಿದೆ. ಪದವಿಯಾದ ಮೇಲೆ ಎರಡು ವರ್ಷದ ಬಿ.ಪಿ.ಎಡ್., ಅನಂತರ ಎರಡು ವರ್ಷದ ಎಂ.ಪಿ.ಎಡ್. ಓದಿ, ಎನ್.ಇ.ಟಿ. ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಅರ್ಹರಾಗುವರು. ತಂಡಗಳನ್ನು ಪಳಗಿಸುವುದೇ ಗುರಿಯಾದರೆ, 1961ರಲ್ಲಿ ಪಟಿಯಾಲಾದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾವು ಬೇರೆ ಇದೆ. ಕಾಲೇಜುಗಳ ನಡುವಣ ಪಂದ್ಯಗಳಲ್ಲಿ ಆಡಿದ ಪ್ರಮಾಣಪತ್ರಗಳು ಬಿ.ಪಿ.ಎಡ್. ಪ್ರವೇಶಕ್ಕೆ ಬೇಕಾಗುವುವು. ಅವನ್ನು ಹಳೆಯ ಕಾಗದಗಳೊಡನೆ ಎಸೆಯದೆ, ಅಂಕಪಟ್ಟಿಗಳ ಜೊತೆಯಲ್ಲಿ ಜೋಪಾನವಾಗಿಡತಕ್ಕದ್ದು.