ಅಜ್ಜಿಯ ಕೋಣೆಗೆ ವೈಫೈ

ಮನೆಗೆ ಇಂಟರ್‌ನೆಟ್ ಬರುವುದು ಬೀದಿ ಕಡೆಯಿಂದ. ಅಜ್ಜಿಯ ಕೋಣೆ ಇರುವುದು ಹಿತ್ತಲ ಕಡೆ. ನಡುವೆ ಎಷ್ಟು ಗೋಡೆಗಳಿವೆ ಎಂದು ಎಣಿಸಿದ್ದೀರಾ, ಮಕ್ಕಳೇ? ಕರಾವಳಿಯ ಹಳೆಯ ಮನೆಗಳಲ್ಲಿ ಜಗಲಿ, ಚಾವಡಿ, ನಡುಮನೆ, ಅಡುಗೆಮನೆ ಎಲ್ಲ ದಾಟಿದ ಮೇಲೆ ಹಿರಿಯರ ಕೋಣೆ. ಗೋಡೆಗಳೋ ದಪ್ಪ ಕೆಂಪುಕಲ್ಲಿನವು. ಫೈಬರ್ ಹಾಕಲು ಬಂದ ಹುಡುಗ ತನಗೆ ಅನುಕೂಲವಾದ ಮುಂಬಾಗಿಲ ಪಕ್ಕದಲ್ಲೇ ಪೆಟ್ಟಿಗೆ ಸಿಕ್ಕಿಸಿ ಹೋಗಿರುತ್ತಾನೆ. ಹೀಗಾಗಿ ನಮ್ಮ ವೈಫೈ ಎದುರುಮನೆಯ ಜಗಲಿಗೂ ಸಿಗುತ್ತದೆ, ನಮ್ಮ ಅಜ್ಜಿಗೆ ಮಾತ್ರ ಸಿಗುವುದಿಲ್ಲ.

ಪರದೇಶದಲ್ಲಿರುವ ಮಗಳ ಮುಖ ನೋಡಬೇಕಾದರೆ ಅಜ್ಜಿ ರಾತ್ರಿ ಹೊತ್ತು ಮೂರು ಹೊಸ್ತಿಲು ದಾಟಿ ಚಾವಡಿಗೆ ಬರಬೇಕು. ಮೊಬೈಲ್ ಸಿಗ್ನಲ್ ಸರಿಯಿಲ್ಲದ ಊರುಗಳಲ್ಲಿ ಮಾಮೂಲಿ ಫೋನ್ ಕರೆಗೂ ಈಗ ವೈಫೈ ಆಸರೆ. ನಡುರಾತ್ರಿ ಎದೆನೋವು ಬಂದರೆ ಹಾಸಿಗೆಯಿಂದಲೇ ಕರೆ ಹೋಗಬೇಕಲ್ಲವೇ? ಆದ್ದರಿಂದ ಇದು ಸಿನಿಮಾ ನೋಡುವ ವಿಚಾರ ಮಾತ್ರವಲ್ಲ.

ದುಡ್ಡು ಬಿಚ್ಚುವ ಮೊದಲು ಲೆಕ್ಕ ಬರೆಯಬೇಕು. ಬ್ಯಾಂಕಿನ ಲೆಡ್ಜರಿನಲ್ಲಿ ಆಯುಷ್ಯ ಕಳೆದವನಿಗೆ ಬೇರೆ ದಾರಿ ಗೊತ್ತಿಲ್ಲ. ಸಿಗ್ನಲ್ ಅಳೆಯುವ ಉಚಿತ ಆ್ಯಪ್‌ಗಳು ಆಂಡ್ರಾಯ್ಡ್ ಫೋನಿಗೆ ಸಿಗುತ್ತವೆ. ಅದು ತೋರಿಸುವ ಅಂಕಿಯ ಮುಂದೆ ಮೈನಸ್ ಇರುತ್ತದೆ. ಓವರ್‌ಡ್ರಾಫ್ಟ್ ಖಾತೆಯ ಹಾಗೆ, ಸೊನ್ನೆಗೆ ಹತ್ತಿರವಿದ್ದಷ್ಟೂ ಕ್ಷೇಮ. −50 ಇದ್ದರೆ ಬಲು ಚೆನ್ನ. −67ರವರೆಗೆ ವೀಡಿಯೊ ಕರೆ ಸಲೀಸು. −80 ದಾಟಿದರೆ ಆಸೆ ಬಿಡಿ. ನಮ್ಮ ಮನೆಯಲ್ಲಿ ಮೊಮ್ಮಗಳು ಫೋನ್ ಹಿಡಿದು ನಡೆದಾಗ ಚಾವಡಿಯಲ್ಲಿ −44, ನಡುಮನೆಯಲ್ಲಿ −61, ಅಡುಗೆಮನೆಯಲ್ಲಿ −73, ಹಿಂದಿನ ಕೋಣೆಯಲ್ಲಿ −84 ಬಂತು. ಮಕ್ಕಳೇ, ಇಲ್ಲೊಂದು ಗಣಿತವಿದೆ: 10 ಇಳಿದಾಗಲೆಲ್ಲ ಶಕ್ತಿ ಹತ್ತನೇ ಒಂದು ಪಾಲಾಗುತ್ತದೆ. ಹಾಗಾದರೆ −44ರಿಂದ −84ಕ್ಕೆ ಬಂದಾಗ ಉಳಿದದ್ದೆಷ್ಟು? ಹತ್ತು ಸಾವಿರದಲ್ಲಿ ಒಂದು ಪಾಲು! ಉಳಿದದ್ದೆಲ್ಲ ಗೋಡೆಗೂ ದೂರಕ್ಕೂ ಹೋಯಿತು.

ಮೊದಲು ಕಾಸಿಲ್ಲದ ಮದ್ದು. ರೂಟರನ್ನು ಮನೆಯ ನಡುವೆ, ಎತ್ತರದಲ್ಲಿ, ಬಯಲಾಗಿ ಇಡಿ. ಅಂದವಾಗಿ ಕಾಣಲಿ ಎಂದು ಕಬ್ಬಿಣದ ಬೀರುವಿನ ಹಿಂದೆಯೋ ಟಿವಿ ಹಿಂದೆಯೋ ಅಡಗಿಸುವವರಿದ್ದಾರೆ. ಲೋಹವೂ ಕನ್ನಡಿಯೂ ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ, ಮೀನಿನ ತೊಟ್ಟಿಯ ನೀರು ಅದನ್ನು ಕುಡಿದುಬಿಡುತ್ತದೆ. ಫೈಬರ್ ಎಳೆಯೊಳಗೆ ಇರುವುದು ಗಾಜು, ನೀವೇ ಎಳೆದು ಮಡಚಬೇಡಿ. ಸಂಪರ್ಕ ಕೊಟ್ಟವರನ್ನೇ ಕರೆಸಿ. ಹೆಚ್ಚಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಅಲೆ ಬಿಡುತ್ತವೆ. 5ಕ್ಕೆ ಓಟ ಜಾಸ್ತಿ, ಗೋಡೆ ಎದುರಾದರೆ ಬೇಗ ಸುಸ್ತು. 2.4 ನಿಧಾನ, ಆದರೆ ದೂರ ಹೋಗುತ್ತದೆ. ದೂರದ ಕೋಣೆಯ ಫೋನಿಗೆ 2.4 ಆರಿಸಿ. ಮೈಕ್ರೋವೇವ್ ಒಲೆಯೂ ಅದೇ ಆಸುಪಾಸಿನ ಅಲೆಯಲ್ಲಿ ಉರಿಯುವುದರಿಂದ ಸಾರು ಬಿಸಿಯಾಗುವ ಹೊತ್ತಿಗೆ ಕರೆ ತಡವರಿಸಿದರೆ ಗಾಬರಿ ಬೇಡ.

ಇಷ್ಟಕ್ಕೂ ಬಗ್ಗದಿದ್ದರೆ ಅಂಗಡಿಗೆ ಹೋಗಬೇಕು. ಅಲ್ಲಿ ಮೊದಲು ಕೈಗೆ ಕೊಡುವುದು ರಿಪೀಟರ್, ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ. ಅಗ್ಗದ ರಿಪೀಟರ್ ಒಂದೇ ಅಲೆಯಲ್ಲಿ ಕೇಳಿಸಿಕೊಂಡು, ಆಮೇಲೆ ಅದರಲ್ಲೇ ಮತ್ತೆ ಹೇಳಬೇಕು. ಹಣ ಕಟ್ಟಿಸಿಕೊಳ್ಳುವ ಗುಮಾಸ್ತನೇ ಹಣ ಕೊಡುವ ಕೌಂಟರಿಗೂ ಓಡಿದ ಹಾಗೆ! ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಜ್ಜಿಯ ಒಂದು ಕರೆಗೆ ಅದೂ ಸಾಕಾದೀತು. ಆದರೆ ಜನ ಅದನ್ನು ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ ಸಿಕ್ಕಿಸುತ್ತಾರೆ. ನಗದೇ ತಲುಪದ ಊರಿನಲ್ಲಿ ಶಾಖೆ ತೆರೆದರೆ ಹಂಚುವುದೇನನ್ನು? ಅದರ ಜಾಗ ನಡುದಾರಿಯಲ್ಲಿ, ಸಿಗ್ನಲ್ ಇನ್ನೂ −60ರ ಆಸುಪಾಸಿನಲ್ಲಿರುವ ಕಡೆ.

ಮೆಶ್ ಎಂಬುದು ಎರಡು ಮೂರು ಪೆಟ್ಟಿಗೆಗಳ ಕೂಡುಕುಟುಂಬ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ನೀವು ನಡೆದಂತೆ ಫೋನ್ ತಾನಾಗಿ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಸೊಗಸಾದ ವ್ಯವಸ್ಥೆ, ಬೆಲೆಯೂ ಹಾಗೆಯೇ. ಆದರೆ ತಂತಿ ಎಳೆಯದಿದ್ದರೆ ಆ ಪೆಟ್ಟಿಗೆಗಳೂ ತಮ್ಮತಮ್ಮಲ್ಲಿ ಮಾತಾಡಬೇಕಾದ್ದು ಅದೇ ಕೆಂಪುಕಲ್ಲಿನ ಗೋಡೆಯ ಮೂಲಕವೇ.

ನನ್ನ ಮತ ತಂತಿಗೆ. ಗೋಡೆಗೆ ಒಂದು ಸಣ್ಣ ತೂತು ಕೊರೆದು ನೆಟ್‌ವರ್ಕ್ ಕೇಬಲ್ ಎಳೆಸಿ, ಹಿಂದಿನ ಕೋಣೆಯಲ್ಲಿ ಇನ್ನೊಂದು ರೂಟರ್ ಇಟ್ಟರೆ ಎಷ್ಟು ದಪ್ಪದ ಗೋಡೆಯಾದರೂ ಲೆಕ್ಕಕ್ಕಿಲ್ಲ. ಈ ಕೇಬಲ್ 100 ಮೀಟರ್‌ವರೆಗೆ ಸರಾಗವಾಗಿ ಕೆಲಸ ಮಾಡುತ್ತದೆ. ಅಷ್ಟು ಉದ್ದದ ಮನೆ ಅರಮನೆಯೇ ಇರಬೇಕು. ಅಂಗಡಿಯಲ್ಲಿ ಕ್ಯಾಟ್ 6, ಅಪ್ಪಟ ತಾಮ್ರದ್ದು ಎಂದು ಕೇಳಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟದ್ದೂ ಇದೆ, ಅದು ಬೇಡ. ಕೇಬಲ್ ಅಟ್ಟದ ಮೇಲಿನಿಂದ, ಮನೆಯೊಳಗೇ ಹೋಗಲಿ. ಕರೆಂಟಿನ ತಂತಿಯ ಪೈಪಿನೊಳಗೆ ತುರುಕಬಾರದು. ಹೊರಗೆ ಸೂರಿನಡಿ ಎಳೆದರೆ ಗುಡುಗು ಸಿಡಿಲಿನ ದಿನಗಳಲ್ಲಿ ಎರಡೂ ಪೆಟ್ಟಿಗೆಗಳಿಗೆ ಅಪಾಯ.

ಕಪಾಟಿನಲ್ಲಿ ಬಿದ್ದಿರುವ ಹಳೆಯ ರೂಟರೇ ಇದಕ್ಕೆ ಸಾಕು. ಮೊಮ್ಮಕ್ಕಳು ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸ. ಹೊಸದರ ವಿಳಾಸ 192.168.1.1 ಇದ್ದರೆ ಹಳೆಯದಕ್ಕೆ 192.168.1.2 ಕೊಡಿ. ಹಳೆಯದರಲ್ಲಿ ಡಿಎಚ್‌ಸಿಪಿ ಎಂಬುದನ್ನು ಆಫ್ ಮಾಡಿ. ವಿಳಾಸ ಹಂಚುವ ಯಜಮಾನ ಮನೆಗೆ ಒಬ್ಬನೇ ಇರಬೇಕು. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, 2.4ರ ಚಾನೆಲ್ ಮಾತ್ರ ಬೇರೆ: ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11. ಕೇಬಲಿನ ಎರಡು ತುದಿಗಳೂ ಲ್ಯಾನ್ ಎಂದು ಬರೆದ ಕಿಂಡಿಗೇ ಹೋಗಬೇಕು. ನಮ್ಮಲ್ಲಿ ಇಷ್ಟು ಮಾಡಿದ ಮೇಲೆ ಹಿಂದಿನ ಕೋಣೆಯ ಅಂಕಿ −84ರಿಂದ −42ಕ್ಕೆ ಬಂತು.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಮಳೆಗಾಲದ ರಾತ್ರಿ ಕರೆಂಟು ಹೋದರೆ ಎರಡು ಪೆಟ್ಟಿಗೆಗಳೂ ಬದುಕಿರಬೇಕು. ಚಾವಡಿಯ ರೂಟರ್ ಇನ್ವರ್ಟರಿನಲ್ಲಿದ್ದು ಹಿಂದಿನ ಕೋಣೆಯದು ಆರಿಹೋದರೆ ಬಂದ ಭಾಗ್ಯವೇನು? ಇನ್ವರ್ಟರ್ ಇಲ್ಲದವರಿಗೆ ರೂಟರಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳಲು ಹೋಗುವ ಮುಂಚೆ ಎರಡೂ ಅಡಾಪ್ಟರ್‌ಗಳ ಮೇಲಿನ ವೋಲ್ಟ್, ಆಂಪಿಯರ್ ಚೀಟಿಯಲ್ಲಿ ಬರೆದುಕೊಳ್ಳಿ. ಅಕ್ಷರಗಳು ತೀರಾ ಸಣ್ಣವು, ನಮ್ಮಂಥವರಿಗೆ ಕನ್ನಡಕ ಹಾಕಿದರೂ ಕಾಣವು. ಮೊಮ್ಮಕ್ಕಳೇ ಓದಿ ಹೇಳಬೇಕು.