ಸಂಬಳವಿಲ್ಲದ ಕೆಲಸಕ್ಕೆ ಗಡುವೇಕೆ?

ಸಂಬಳ ಪಡೆಯದೆ ದುಡಿಯುವವರಿಗೆ ಗಡುವು ವಿಧಿಸುವ ಅಧಿಕಾರ ಯಾರಿಗಿದೆ? ಯಾರಿಗೂ ಇಲ್ಲವೆಂದೇ ಮೇಲ್ನೋಟಕ್ಕೆ ಉತ್ತರಿಸಬೇಕಾಗುತ್ತದೆ. ಆದರೆ ಗಡುವೇ ಇಲ್ಲದ ಸಾರ್ವಜನಿಕ ಕಾರ್ಯ ದಡ ಮುಟ್ಟುವುದು ಅಪರೂಪ. ಶಾಲೆಯ ವಾರ್ಷಿಕೋತ್ಸವವನ್ನೇ ನೋಡಿ. ಆಹ್ವಾನ ಪತ್ರಿಕೆ ಅಚ್ಚಾಗುವವರೆಗೆ ನಾಟಕದ ತಾಲೀಮು ಕುಂಟುತ್ತಲೇ ಇರುತ್ತದೆ. ಅಚ್ಚಾದ ಮರುದಿನದಿಂದ ಎಲ್ಲರಿಗೂ ಮಾತುಗಳು ಬಾಯಿಪಾಠವಾಗತೊಡಗುತ್ತವೆ. ಸಮುದಾಯವೇ ಕಟ್ಟಿ ಬೆಳೆಸುವ ಮುಕ್ತ ತಂತ್ರಾಂಶಗಳ ಮುಂದಿನ ಆವೃತ್ತಿಯನ್ನು ಯಾವಾಗ, ಹೇಗೆ ಹೊರತರಬೇಕೆಂಬ ಚರ್ಚೆಯೂ ಬಹುಕಾಲದಿಂದ ಇದೇ ಪ್ರಶ್ನೆಯ ಸುತ್ತ ನಡೆದಿದೆ. ‘ಡೆಬಿಯನ್’ ಎಂಬ ಯೋಜನೆಯ ಇತಿಹಾಸವನ್ನು ಮುಂದಿಟ್ಟುಕೊಂಡು ನನ್ನ ಅಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತೇನೆ.

1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಅವರು ಆರಂಭಿಸಿದ ಯೋಜನೆಯಿದು. ಲಿನಕ್ಸ್ ಮತ್ತು ಅದರೊಡನೆ ಬೇಕಾಗುವ ಸಾವಿರಾರು ತಂತ್ರಾಂಶಗಳನ್ನು ಒಂದೆಡೆ ಕಲೆಹಾಕಿ, ಒಂದಕ್ಕೊಂದು ಹೊಂದುವಂತೆ ಮಾಡಿ, ಗಣಕದಲ್ಲಿ ಸ್ಥಾಪಿಸಬಹುದಾದ ಪೂರ್ಣ ವ್ಯವಸ್ಥೆಯಾಗಿ ಜಗತ್ತಿಗೆ ಉಚಿತವಾಗಿ ಒದಗಿಸುವುದು ಅದರ ಕಾಯಕ. ಅದಕ್ಕೆ ಒಡೆಯನಾದ ಕಂಪೆನಿಯಿಲ್ಲ. ಪ್ರತಿವರ್ಷ ಚುನಾಯಿತನಾಗುವ ಒಬ್ಬ ನಾಯಕನಿದ್ದರೂ ಆತ ಯಾರಿಗೂ ಆಜ್ಞೆ ಮಾಡುವಂತಿಲ್ಲ. ಈ ಸಂವಿಧಾನದಿಂದಾಗಿ ಯಾರೂ ಯೋಜನೆಗಾಗಿ ದುಡಿಯಲು ಬಾಧ್ಯರಾಗುವುದಿಲ್ಲವೆಂಬ ಮಾತನ್ನು ಡೆಬಿಯನ್ನಿನ ಸಂವಿಧಾನದಲ್ಲಿಯೇ ಬರೆದಿಡಲಾಗಿದೆ.

ಇಂತಹ ಸಂಸ್ಥೆ ಆರಂಭದಲ್ಲಿ ‘ಸಿದ್ಧವಾದಾಗ ಬಿಡುಗಡೆ’ ಎಂಬ ಧೋರಣೆಯನ್ನು ಅನುಸರಿಸಿದ್ದು ಸಹಜವೇ. ಅದರ ಫಲ ಮಾತ್ರ ಹಿತವಾಗಿರಲಿಲ್ಲ. ‘ವುಡಿ’ ಎಂಬ ಆವೃತ್ತಿ 2002ರ ಜುಲೈನಲ್ಲಿ ಹೊರಬಂದಿತು. ಅದರ ನಂತರದ ‘ಸಾರ್ಜ್’ ಬಂದದ್ದು 2005ರ ಜೂನ್‌ನಲ್ಲಿ. ನಡುವೆ ಸುಮಾರು ಮೂರು ವರ್ಷ! ಸ್ಥಾಪಕ ತಂತ್ರಾಂಶವನ್ನು ಹೊಸದಾಗಿ ಬರೆಯುತ್ತಿದ್ದರು, ಸುರಕ್ಷಾ ತಿದ್ದುಪಡಿಗಳ ಏರ್ಪಾಡು ಅಣಿಯಾಗಿರಲಿಲ್ಲ. ಒಂದನ್ನು ಕಾಯುವಷ್ಟರಲ್ಲಿ ಇನ್ನೊಂದು ಹಳತಾಗುತ್ತಿತ್ತು. ಇದೇ ಅವಧಿಯಲ್ಲಿ, 2004ರ ಅಕ್ಟೋಬರ್‌ನಲ್ಲಿ, ಡೆಬಿಯನ್ನಿನ ತಳಹದಿಯ ಮೇಲೆಯೇ ‘ಉಬುಂಟು’ ಹುಟ್ಟಿಕೊಂಡಿತು. ಆರು ತಿಂಗಳಿಗೊಂದು ಆವೃತ್ತಿಯೆಂಬುದು ಅದರ ನಿಯಮ. ಮೊದಲ ಆವೃತ್ತಿಯ 4.10 ಎಂಬ ಸಂಖ್ಯೆಯಲ್ಲಿಯೇ ವರ್ಷ, ತಿಂಗಳುಗಳು ಅಡಗಿದ್ದವು.

ಡೆಬಿಯನ್ನಿನ ಮುಂದೆ ಆಗ ಮೂರು ದಾರಿಗಳಿದ್ದವು ಎನ್ನಬಹುದು: ಹಣ ಕೊಟ್ಟು ವೇಗ ಹೆಚ್ಚಿಸುವುದು, ಮೇಲಿನಿಂದ ದಿನಾಂಕ ಹೇರುವುದು, ಎಲ್ಲರೂ ಒಪ್ಪಿದ ದಿನಾಂಕವೊಂದನ್ನು ಮುಂಚಿತವಾಗಿ ಸಾರುವುದು. ಅದು ಮೂರನ್ನೂ ಪರೀಕ್ಷಿಸಿ ನೋಡಿತು.

2006ರಲ್ಲಿ ‘ಡಂಕ್-ಟ್ಯಾಂಕ್’ ಎಂಬ ಹೆಸರಿನಲ್ಲಿ ದೇಣಿಗೆ ಕೂಡಿಸಿ, ಬಿಡುಗಡೆಯ ಹೊಣೆ ಹೊತ್ತ ಇಬ್ಬರಿಗೆ ಸಂಭಾವನೆ ಕೊಡುವ ಪ್ರಯತ್ನ ನಡೆಯಿತು. ‘ಎಚ್’ ಎಂಬ ಆವೃತ್ತಿಯನ್ನು ಆ ವರ್ಷದ ಡಿಸೆಂಬರ್‌ನಲ್ಲಿ ಹೊರತರುವುದು ಉದ್ದೇಶ. ಉಳಿದವರೆಲ್ಲ ಬಿಟ್ಟಿ ದುಡಿಯುವಾಗ ಇಬ್ಬರಿಗೆ ಮಾತ್ರ ಏಕೆ ಹಣ ಎಂಬ ಅಸಮಾಧಾನ ಎದ್ದಿತು. ಕೆಲವರು ಕೆಲಸದಿಂದ ಹಿಂದೆ ಸರಿದರು. ಆವೃತ್ತಿ ಹೊರಬಂದದ್ದು 2007ರ ಏಪ್ರಿಲ್ 8ರಂದು. ಊರಿನವರೆಲ್ಲ ಕೂಡಿ ಕೆರೆಯ ಹೂಳೆತ್ತುವಾಗ ಇಬ್ಬರಿಗೆ ಮಾತ್ರ ಕೂಲಿ ಕೊಟ್ಟರೆ ಉಳಿದವರ ಗುದ್ದಲಿ ನಿಧಾನವಾಗುತ್ತದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

2009ರ ಜುಲೈನಲ್ಲಿ, ಎರಡು ವರ್ಷಕ್ಕೊಮ್ಮೆ ಡಿಸೆಂಬರ್‌ನಲ್ಲಿ ಹೊಸ ಸೇರ್ಪಡೆಗಳಿಗೆ ಬಾಗಿಲು ಮುಚ್ಚುವುದೆಂದೂ ಅದೇ ಡಿಸೆಂಬರ್‌ನಿಂದ ಇದು ಜಾರಿಗೆ ಬರುವುದೆಂದೂ ಘೋಷಣೆಯಾಯಿತು. ಐದೇ ತಿಂಗಳ ಸೂಚನೆ ಸಾಲದೆಂದೂ, ತಮ್ಮನ್ನು ಕೇಳಲಿಲ್ಲವೆಂದೂ ಅನೇಕರು ಆಕ್ಷೇಪಿಸಿದರು. ಆ ದಿನಾಂಕವನ್ನು ಕೈಬಿಡಬೇಕಾಯಿತು. ಬಾಗಿಲು ಮುಚ್ಚಿದ್ದು 2010ರ ಆಗಸ್ಟ್‌ನಲ್ಲಿ.

ಈ ಎರಡು ಪಾಠಗಳ ಬಳಿಕ ಗಟ್ಟಿಯಾದ ಪದ್ಧತಿಯೇ ನನಗೆ ಮೆಚ್ಚುಗೆಯಾದದ್ದು. ಅವರು ಬಿಡುಗಡೆಯ ದಿನವನ್ನು ವರ್ಷಗಟ್ಟಲೆ ಮೊದಲೇ ನಿಗದಿಪಡಿಸುವುದಿಲ್ಲ. ಬಾಗಿಲು ಮುಚ್ಚುವ ದಿನವನ್ನು ಬಹು ಮುಂಚಿತವಾಗಿ ತಿಳಿಸುತ್ತಾರೆ. ಇದಕ್ಕೆ ‘ಫ್ರೀಜ್’ ಎಂದು ಹೆಸರು. ‘ಟ್ರಿಕ್ಸಿ’ ಎಂಬ ಆವೃತ್ತಿಗೆ ಅದು ನಾಲ್ಕು ಹಂತಗಳಲ್ಲಿ ನಡೆಯಿತು. 2025ರ ಮಾರ್ಚ್ 15ಕ್ಕೆ ಅನೇಕ ತಂತ್ರಾಂಶಗಳನ್ನು ಒಮ್ಮೆಲೇ ಅಲುಗಾಡಿಸುವ ಬದಲಾವಣೆಗಳಿಗೆ ತಡೆ. ಏಪ್ರಿಲ್ 15ರಿಂದ ಸಣ್ಣಪುಟ್ಟ ತಿದ್ದುಪಡಿಗಳಿಗೆ ಮಾತ್ರ ಅವಕಾಶ. ಮೇ 15ರಿಂದ ಇನ್ನೂ ಬಿಗಿ. ಜುಲೈ 27ರಿಂದ ಪ್ರತಿಯೊಂದು ತಿದ್ದುಪಡಿಗೂ ಬಿಡುಗಡೆ ತಂಡದ ಒಪ್ಪಿಗೆ. ಗಂಭೀರ ದೋಷಗಳನ್ನು ಎಣಿಸುತ್ತ, ಕಳೆಯುತ್ತ ಬಂದು, ಆಗಸ್ಟ್ 9ರಂದು ಆವೃತ್ತಿಯನ್ನು ಲೋಕಾರ್ಪಣೆ ಮಾಡಿದರು. ಜಾತ್ರೆಯ ತಿಥಿ ಪಂಚಾಂಗದಲ್ಲಿ ಮೊದಲೇ ಗೊತ್ತಿರುತ್ತದೆ. ಆದರೂ ತೇರಿನ ಅಚ್ಚು, ಗಾಲಿಗಳನ್ನು ಪರೀಕ್ಷಿಸದೆ ಯಾರೂ ಹಗ್ಗಕ್ಕೆ ಕೈಹಾಕುವುದಿಲ್ಲ. ಇದೂ ಹಾಗೆಯೇ.

ಪರಿಣಾಮವನ್ನು ಗಮನಿಸಿ. 2005ರಿಂದ 2025ರವರೆಗೆ ಪ್ರತಿಯೊಂದು ಬೆಸ ವರ್ಷದಲ್ಲಿಯೂ ಡೆಬಿಯನ್ನಿನ ಒಂದು ಆವೃತ್ತಿ ಹೊರಬಂದಿದೆ. ಆಜ್ಞೆಯಿಲ್ಲ, ಸಂಬಳವಿಲ್ಲ, ಆದರೂ ಹನ್ನೊಂದು ಬಾರಿ ತಪ್ಪದೆ ನಡೆದುಬಂದಿದೆ. ಮುಂದಿನ ಸರದಿ ಖಚಿತವಾಗಿ ಬರುತ್ತದೆಂಬ ನಂಬಿಕೆಯಿದ್ದಾಗ ಮಾತ್ರ ಮನುಷ್ಯ ತನ್ನ ಅರ್ಧ ಬೆಂದ ಕೆಲಸವನ್ನು ಈ ಸಲಕ್ಕೆ ತಡೆಹಿಡಿಯುತ್ತಾನೆ. ಮುಂದಿನ ಬಸ್ಸು ಯಾವಾಗಲೋ ಎಂದಾದರೆ ಎಲ್ಲರೂ ಇದೇ ಬಸ್ಸಿಗೆ ನೇತುಬೀಳುತ್ತಾರೆ.

ದಿನಾಂಕಕ್ಕೆ ಕಟ್ಟುಬಿದ್ದರೆ ಗುಣಮಟ್ಟ ಕೆಡುತ್ತದೆಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಗತ್ಯವಿದ್ದಾಗ ದಿನಾಂಕವನ್ನು ಬಹಿರಂಗವಾಗಿ ಮುಂದೂಡಬಹುದು. 2006ರ ಏಪ್ರಿಲ್‌ನಲ್ಲಿ ಬರಬೇಕಿದ್ದ ಉಬುಂಟು ಆವೃತ್ತಿಯನ್ನು, ಬಹುಕಾಲ ಬಾಳಬೇಕಾದದ್ದೆಂಬ ಕಾರಣದಿಂದ, ಮುಂಚಿತವಾಗಿಯೇ ತಿಳಿಸಿ ಜೂನ್‌ಗೆ ಮುಂದೂಡಿದರು. ಅದರ ಸಂಖ್ಯೆಯೂ 6.06 ಆಯಿತು. ಸಕಾರಣವಾಗಿ, ಎಲ್ಲರಿಗೂ ತಿಳಿಸಿ ಮಾಡಿದ ವಿಳಂಬ ದೋಷವಲ್ಲ. ಯಾರಿಗೂ ಏನೂ ತಿಳಿಯದಂತೆ ದಿನ ತಳ್ಳುವುದು ದೋಷ.

ಇನ್ನು ಕನ್ನಡಿಗರಾದ ನಮಗೆ ನೇರವಾಗಿ ಸಂಬಂಧಿಸಿದ ಮಾತು. ತಂತ್ರಾಂಶದ ಸಾಲಿನಲ್ಲಿ ಕಟ್ಟಕಡೆಗೆ ನಿಲ್ಲುವವನು ಅನುವಾದಕ. ತೆರೆಯ ಮೇಲಿನ ಇಂಗ್ಲಿಷ್ ವಾಕ್ಯಗಳು ಸ್ಥಿರಗೊಂಡ ಮೇಲೆಯೇ ಅವನ ಕೆಲಸ. ಕೊನೆಯ ದಿನದವರೆಗೂ ವಾಕ್ಯಗಳನ್ನು ತಿದ್ದುತ್ತಿದ್ದರೆ ಇಂಗ್ಲಿಷ್ ಬಲ್ಲವನಿಗೆ ನಷ್ಟವಿಲ್ಲ. ಕನ್ನಡದ ತೆರೆಯಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಸಾಲು ಕಲ್ಲಿನಂತೆ ಉಳಿದುಬಿಡುತ್ತದೆ. 2011ರ ಫೆಬ್ರವರಿಯಲ್ಲಿ ಬಂದ ‘ಸ್ಕ್ವೀಜ್’ ಆವೃತ್ತಿಯಲ್ಲಿ ಡೆಬಿಯನ್ನಿನ ಚಿತ್ರಾತ್ಮಕ ಸ್ಥಾಪಕಕ್ಕೆ ತೆಲುಗು, ಸಿಂಹಳ, ಲಾವೋ ಭಾಷೆಗಳೊಡನೆ ನಮ್ಮ ಕನ್ನಡವೂ ಸೇರಿತು. ಸಂತೋಷಪಡಬೇಕಾದ ಸಂಗತಿ. ಅದೇ ಆವೃತ್ತಿಯಲ್ಲಿ, ಅನುವಾದವನ್ನು ಪರಿಷ್ಕರಿಸುವವರಿಲ್ಲದ ಕಾರಣ, ವೆಲ್ಶ್ ಮತ್ತು ವೋಲೋಫ್ ಭಾಷೆಗಳನ್ನು ಕೈಬಿಡಲಾಯಿತು. ಒಂದೇ ಬಾಗಿಲಿನಲ್ಲಿ ಕನ್ನಡ ಒಳಗೆ ಬಂದಿತು, ಎರಡು ಭಾಷೆಗಳು ಹೊರಗೆ ಹೋದವು. ಒಮ್ಮೆ ಒಳಗೆ ಬಂದ ಭಾಷೆ ಸದಾ ಒಳಗೇ ಇರುತ್ತದೆಂಬ ಭರವಸೆ ಅಲ್ಲಿಲ್ಲ. ಪ್ರತಿ ಆವೃತ್ತಿಗೂ ಯಾರಾದರೂ ಕುಳಿತು ಹೊಸ ವಾಕ್ಯಗಳನ್ನು ಕನ್ನಡಿಸಲೇಬೇಕು.

ಹಗಲು ಉದ್ಯೋಗ ಮಾಡಿ ರಾತ್ರಿ ಒಂದು ಗಂಟೆ ಅನುವಾದಕ್ಕೆ ಕೊಡುವವನಿಗೆ ಎಷ್ಟು ರಾತ್ರಿಗಳಿವೆ ಎಂಬುದು ತಿಳಿದಿರಬೇಕಲ್ಲವೆ? ಆದ್ದರಿಂದ ಯಾವುದೇ ಸಮುದಾಯ ತನ್ನ ಮುಂದಿನ ಆವೃತ್ತಿಯನ್ನು ಯೋಜಿಸುವಾಗ ಮೂರು ದಿನಾಂಕಗಳನ್ನು ಎಲ್ಲರಿಗೂ ಕಾಣುವಂತೆ ಬರೆದಿಡಲಿ: ಹೊಸ ಸೌಲಭ್ಯಗಳಿಗೆ ಕೊನೆಯ ದಿನ, ತೆರೆಯ ಮೇಲಿನ ವಾಕ್ಯಗಳಿಗೆ ಕೊನೆಯ ದಿನ, ಅನುವಾದಕ್ಕೆ ಕೊನೆಯ ದಿನ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕೆಲವು ವಾರಗಳಾದರೂ ಇರಲಿ. ವಾಕ್ಯಗಳ ಗಡುವನ್ನು ಮುರಿಯಬೇಕಾದವನು ಅನುವಾದಕರ ಒಪ್ಪಿಗೆ ಪಡೆಯಲಿ.

ನಮ್ಮ ಕಡೆಯ ಕರ್ತವ್ಯವೂ ಇದೆ. ತಂತ್ರಾಂಶದಲ್ಲಿ ಕನ್ನಡವಿಲ್ಲವೆಂದು ಬಿಡುಗಡೆಯ ಮರುದಿನ ಹಲುಬುವುದಕ್ಕಿಂತ, ಬಾಗಿಲು ಮುಚ್ಚುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಲೇಸು. ಗಡುವೆಂದರೆ ದುಡಿಯುವವನ ತಲೆಯ ಮೇಲಿನ ಕತ್ತಿಯೆಂದು ಭಾವಿಸುವವರಿದ್ದಾರೆ. ಬಿಟ್ಟಿ ದುಡಿಯುವವನ ಮಟ್ಟಿಗೆ ಅದು ತದ್ವಿರುದ್ಧ. ಅವನ ಶ್ರಮ ಕಸದ ಬುಟ್ಟಿಗೆ ಹೋಗದೆ ಜನರ ಕೈಸೇರುತ್ತದೆಂಬುದಕ್ಕೆ ಸಮುದಾಯ ಕೊಡಬಹುದಾದ ಏಕೈಕ ವಾಗ್ದಾನ ಆ ದಿನಾಂಕ.